ಸೈಕಲ್ ಟ್ಯೂಬ್ ಬಿಚ್ಚಿ: ಕೈತೋಟದವರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಮತ್ತು ಭದ್ರಾವತಿಯ ಕೈತೋಟದ ಬಂಧುಗಳೇ,

ಒಂದೂರಿನ ಮಗ್ಗುಲಲ್ಲಿ ತುಂಗೆ, ಇನ್ನೊಂದೂರಿನ ನಡುವೆ ಭದ್ರೆ. ಗಾಜನೂರಿನ ಅಣೆಕಟ್ಟೂ ಲಕ್ಕವಳ್ಳಿಯದೂ ನಮಗೆ ದೂರವಲ್ಲ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಎದ್ದು 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆ ನೀರಿನ ಬೀಡುಕಬ್ಬಿಣದ ಕೊಳವೆಗಳನ್ನೂ ಎರಕ ಹೊಯ್ದಿದೆ. ಅಂಥ ಸೀಮೆಯಲ್ಲಿ, ನ್ಯೂಟೌನಿನಿಂದ ವಿನೋಬನಗರದವರೆಗೆ, ಅಂಗಳದ ನಲ್ಲಿಗೆ ಹಸಿರು ಪೈಪನ್ನು ಸೈಕಲ್ ಟ್ಯೂಬಿನ ಚೂರಿನಿಂದ ಬಿಗಿದು, ನಲ್ಲಿಯ ಬುಡವನ್ನು ಕೆಸರು ಮಾಡಿ ದಾಸವಾಳದ ಬುಡವನ್ನು ಒಣಗಿಸುತ್ತಿದ್ದೇವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಅದಕ್ಕೇ ಈ ಪತ್ರ.

ಮೊದಲು ಸೋರುವುದೆಲ್ಲಿ ಎಂದು ಗೊತ್ತಾಗಬೇಕು. ನಲ್ಲಿ ಪೂರ್ತಿ ತಿರುಗಿಸಿ, ಪೈಪಿನ ತುದಿಯ ಗನ್ ಬಂದ್ ಮಾಡಿ, ಸ್ವಲ್ಪ ಹೊತ್ತು ನೋಡಿ. ನೀರು ಹರಿಯುವಾಗ ಒತ್ತಡದ ಬಹುಪಾಲು ಪೈಪಿನುದ್ದಕ್ಕೂ ಸವೆದುಹೋಗುತ್ತದೆ. ತುದಿ ಮುಚ್ಚಿದರೆ ಟ್ಯಾಂಕಿನ ಪೂರ್ತಿ ಒತ್ತಡ ಒಂದೊಂದು ಜಾಯಿಂಟಿನ ಮೇಲೂ ನಿಲ್ಲುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಪಂಪಿನಿಂದ ನೇರ ಬಿಟ್ಟರೆ ಇನ್ನೂ ಹೆಚ್ಚು. ಗನ್ ತಂದ ಮೇಲೆ ಸೋರಲು ಶುರುವಾಯಿತು ಎಂದು ಹಲವರು ಗನ್ನನ್ನೇ ದೂರುತ್ತಾರೆ. ಸಡಿಲವಾಗಿದ್ದದ್ದು ನಲ್ಲಿಯ ಬಾಯಿ.

ಪೈಪನ್ನು ನಲ್ಲಿಯ ಮೂತಿಗೆ ತುರುಕಿ ಕಟ್ಟುವವರೇ ನಮ್ಮಲ್ಲಿ ಹೆಚ್ಚು. ಟ್ಯೂಬಾಗಲಿ, ಬೈಂಡಿಂಗ್ ವೈರಾಗಲಿ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲ ಬಿಡುತ್ತದೆ. ವೈರಂತೂ ಪೈಪನ್ನೇ ಕೊಯ್ಯುತ್ತದೆ. ಸುತ್ತಲೂ ಸಮನಾಗಿ ಒತ್ತುವ ತಿರುಪಿನ ಕ್ಲಿಪ್ಪಿಗೆ ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲೇ ಪೇಟೆಂಟ್ ಪಡೆದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ. ನಮ್ಮ ಮಳೆಗಾಲಕ್ಕೆ ಬರೀ ಲೇಪನದ ಕ್ಲಿಪ್ಪು ತುಕ್ಕು ಹಿಡಿದು ತಿರುಪೇ ಕೂತುಬಿಡುತ್ತದೆ. ಪೈಪಿನ ಸೀಳಿದ ತುದಿಯನ್ನು ಎರಡು ಮೂರು ಇಂಚು ನೇರವಾಗಿ ಕತ್ತರಿಸಿ. ಹೊಸ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮೂತಿಯ ಗೆರೆಗಳೆಲ್ಲ ಒಳಗಾಗುವವರೆಗೆ ತಳ್ಳಿ. ಕ್ಲಿಪ್ಪು ಬಿಗಿಯಬೇಕಾದದ್ದು ಆ ಗೆರೆಗಳ ಮೇಲೆ. ಪೈಪಿನ ಅಂಚಿಗೆ ಬಿಗಿದರೆ ಜಾರುತ್ತದೆ.

ತಿರುಗಿಸಿ ಕೂರಿಸುವ ಅಡಾಪ್ಟರ್ ಇರುವವರ ಕಷ್ಟ ಬೇರೆ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಒಳಗಿರುವ ಚಪ್ಪಟೆ ರಬ್ಬರ್ ವಾಶರ್. ಥ್ರೆಡ್ ಅದನ್ನು ನಲ್ಲಿಯ ಅಂಚಿಗೆ ಒತ್ತಿ ಹಿಡಿಯುತ್ತದೆ, ಅಷ್ಟೇ. ವಾಶರ್ ಬಿದ್ದುಹೋಗಿದ್ದರೆ, ಇಲ್ಲವೇ ಗಡುಸಾಗಿ ಬಿರಿದಿದ್ದರೆ, ಟೆಫ್ಲಾನ್ ಟೇಪ್ ಸುತ್ತುವುದರಿಂದ ಕೆಲಸ ಆಗದು; ಇಕ್ಕಳ ಹಾಕಿ ತಿರುವಿದರೆ ಪ್ಲಾಸ್ಟಿಕ್ಕೇ ಸೀಳುತ್ತದೆ. ಟೇಪಿನ ಜಾಗ ನಲ್ಲಿಯ ಹಿಂಬದಿ, ಅದು ಗೋಡೆಯ ಪೈಪಿಗೆ ಸೇರುವ ಕಡೆ. ಎಂ-ಸೀಲ್ ಮೆತ್ತುವುದನ್ನೂ ದಯವಿಟ್ಟು ಬಿಡಿ: ಅದು ಒಣಗಿ ಕಲ್ಲಾಗುತ್ತದೆ, ಪೈಪ್ ಬಾಗುತ್ತಲೇ ಇರುತ್ತದೆ, ನಡುವೆ ಮತ್ತೆ ಸಂದು ಬಿಡುತ್ತದೆ. ಜರ್ಮನಿಯ ಗಾರ್ಡೆನಾ ಕಂಪನಿ 1968ರಲ್ಲಿ ತಂದ, ಒತ್ತಿ ಸಿಕ್ಕಿಸುವ ಬಗೆಯ ಜೋಡಣೆ ಇದ್ದರೆ ಒಳಗಿನ ಓ-ರಿಂಗ್ ನೋಡಿ. ಒಂದು ಮರಳ ಕಣ ಸೇರಿದರೂ ಸೋರುತ್ತದೆ. ತೊಳೆದು ಸಿಲಿಕೋನ್ ಗ್ರೀಸ್ ಸವರಿ. ಎಣ್ಣೆ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ.

ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೂ ನಾಲ್ಕು ಲೀಟರಿಗೆ ಮೇಲಾಯಿತು. ಆದರೆ ನನಗೆ ಹೆದರಿಕೆ ಇರುವುದು ಪೋಲಾಗುವ ಆ ನೀರಿನ ಬಗ್ಗೆ ಅಲ್ಲ. ನೀರನ್ನು ಹೊರಗೆ ಬಿಡುವ ಸಂದು ಒಳಕ್ಕೂ ಎಳೆದುಕೊಳ್ಳಬಲ್ಲದು. ಬೀದಿಯ ಸರಬರಾಜು ನಿಂತಾಗ ಲೈನಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ಕಡೆಗೆ ಇಳಿಯುತ್ತದೆ. ಯಾರೋ ಲೈನಿಗೇ ಮೋಟಾರ್ ಹಚ್ಚಿ ಹೀರುತ್ತಾರೆ. ಆಗ ಕೊಳವೆಯೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತಲೂ ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ನಿಮ್ಮ ನಲ್ಲಿ ತೆರೆದೇ ಇದ್ದು, ಸಡಿಲ ಜಾಯಿಂಟು ಕೆಸರಿನಲ್ಲೋ, ಪೈಪಿನ ತುದಿ ಸಗಣಿ ಗೊಬ್ಬರದ ಬಕೆಟ್ಟಿನಲ್ಲೋ ಮುಳುಗಿದ್ದರೆ ಆ ಗಲೀಜು ಕುಡಿಯುವ ನೀರಿನ ಲೈನಿಗೆ ಸೇರುತ್ತದೆ. ಪಕ್ಕದ ಮನೆಯ ಮಗು ಅದನ್ನೇ ಕುಡಿಯಬೇಕಾಗುತ್ತದೆ. ಕೈತೋಟದ ನಲ್ಲಿ ಟ್ಯಾಂಕಿನಿಂದಲೇ ಬರಲಿ. ಬೀದಿ ಲೈನಿಗೇ ಇದ್ದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಹಾಕಿಸಿ. ಅದಾಗುವವರೆಗೆ ನೀರು ಬಿಟ್ಟಾದ ಕೂಡಲೇ ನಲ್ಲಿ ನಿಲ್ಲಿಸಿ, ಪೈಪ್ ಕಳಚಿ, ಬಸಿದು ನೆರಳಿನಲ್ಲಿ ಸುತ್ತಿಡಿ.

ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯವರಲ್ಲೂ ಒಂದು ವಿನಂತಿ. ಎರಡೂ ಊರುಗಳನ್ನು ಹಾದುಹೋಗುವ ರಸ್ತೆ ಅದು, ಎರಡೂ ಕಡೆಯ ಗಿರಾಕಿಗಳು ನಿಮ್ಮ ಬಳಿ ಬರುತ್ತಾರೆ. ಅರ್ಧ ಮತ್ತು ಮುಕ್ಕಾಲು ಇಂಚಿನ ವಾಶರ್, ಓ-ರಿಂಗ್‌ಗಳನ್ನು ಬಿಡಿಯಾಗಿ ಮಾರಿ. ಹಳೆಯದನ್ನು ಹಿಡಿದು ಬಂದವರಿಗೆ ಅಳತೆ ನೋಡಿ ಹೊಂದುವುದನ್ನೇ ಕೊಡಿ. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಬೇಡಿಕೆ ಹೆಚ್ಚುತ್ತದೆ, ಅಷ್ಟರೊಳಗೆ ತರಿಸಿಡಿ.

ಇತಿ,
ನಿಮ್ಮೂರಿನ ಕೈತೋಟದವ