ಹಲ್ಲಿಗೊಂದು ಒಗ್ಗರಣೆ

ತೆಂಗಿನೆಣ್ಣೆ, ಅಡುಗೆ ಸೋಡಾ, ಚಿಟಿಕೆ ಉಪ್ಪು, ಬೇವಿನೆಲೆ ಪುಡಿ, ಲವಂಗದೆಣ್ಣೆ. ಪಟ್ಟಿ ಕೇಳಿದ ಅಜ್ಜಿ, “ಇದು ಹಲ್ಲಿಗೋ, ಹಪ್ಪಳಕ್ಕೋ?” ಎಂದರು.

ಮನೆಯಲ್ಲೇ ಮಾಡುವ ಈ ಸಾವಯವ ಟೂತ್‌ಪೇಸ್ಟಿನ ಮೊದಲ ಶತ್ರು ಹವಾಮಾನ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ಮಡಿಕೇರಿಯ ಚಳಿಯಲ್ಲಿ ಪೇಸ್ಟನ್ನು ಚಮಚದಿಂದ ಕೆರೆಯಬೇಕು, ರಾಯಚೂರಿನ ಬೇಸಿಗೆಯಲ್ಲಿ ಲೋಟದಿಂದ ಸುರಿದುಕೊಳ್ಳಬೇಕು. ಇನ್ನು ನೊರೆ? ಅಂಗಡಿ ಪೇಸ್ಟಿನಲ್ಲಿ ಅದನ್ನು ಎಬ್ಬಿಸುವುದು ಸಾಮಾನ್ಯವಾಗಿ ಸೋಡಿಯಂ ಲಾರಿಲ್ ಸಲ್ಫೇಟ್, ನಮ್ಮ ಪೇಸ್ಟಿನಲ್ಲಿ ಅದಿಲ್ಲ. ಬಾಯ್ತುಂಬ ನೊರೆ ಬರದಿದ್ದರೆ ನಮ್ಮ ಯಜಮಾನರಿಗೆ ಹಲ್ಲುಜ್ಜಿದ ಹಾಗೇ ಅಲ್ಲ! ಲವಂಗದೆಣ್ಣೆ ಹೆಚ್ಚಾದರೆ ನಾಲಿಗೆ ಜೋಮು ಹಿಡಿಯುತ್ತದೆ, ಮನೆಯಲ್ಲಿ ಸ್ವಲ್ಪ ಹೊತ್ತು ಶಾಂತಿ. (ಇದೊಂದು ಲಾಭ.)

1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಗೆ ಈ ಕರಗುವ ತಾಪತ್ರಯವೇ ಇಲ್ಲ, ಅದು ಪುಡಿ!

ಅಂದಹಾಗೆ, ಹುಳುಕು ತಡೆಯುವ ಫ್ಲೋರೈಡ್ ಈ ಮನೆ ಪೇಸ್ಟಿನಲ್ಲಿಲ್ಲ. ಹುಳುಕು ಹಲ್ಲಿನವರು ದಂತವೈದ್ಯರನ್ನು ಕೇಳಿಯೇ ಡಬ್ಬಿ ತೆರೆಯಿರಿ.