ಹೆಬ್ಬೆರಳಿಗೆ ಮೂವತ್ತು ಪರ್ಸೆಂಟ್

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು ಎಂಬುದು ಸರ್ಕಾರ ಕೊಡುವ ಕಾರಣ. ವಿಮಾ ಏಜೆಂಟರ ಪಂಚಾಂಗದಲ್ಲಿ ಬೇರೆ ಕಾರಣವಿದೆ: ಅಂದಿಗೆ ಟಾರ್ಗೆಟ್ ಮುಗಿಸಲು ಇಪ್ಪತ್ತೇಳೇ ದಿನ ಉಳಿದಿರುತ್ತವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವೆ ಬೈಕಿನ ಟೈರು ಸವೆಸುತ್ತಿರುವ ಏಜೆಂಟ್ ಮಿತ್ರರಿಗೆ ಈ ಅಂಕಣದ ಉಚಿತ ಸಲಹೆ ಇದು: ಇನ್ನು ಮುಂದೆ ಜೀವ ಮಾರಬೇಡಿ, ಸುರಕ್ಷತೆ ಮಾರಿ. "ಸಾವಕಾರ್ರ, ನಾಳೆ ನಿಮಗ ಏನರ ಆದ್ರ..." ಎಂದು ಮಾತು ತೆಗೆದರೆ ಕುಂತ ಕುರ್ಚಿಯೂ ಹೋಗುತ್ತದೆ. "ನಿಮ್ಮ ಆಳಿಗೆ ಏನರ ಆದ್ರ..." ಎಂದರೆ ಅರ್ಧ ಕಪ್ ಚಹಾ ಬರುತ್ತದೆ. "ಆಳಿಗೆ ಏನರ ಆದ್ರ ನೀವು ಕೋರ್ಟಿಗೆ ಅಡ್ಡಾಡಬೇಕಾಗ್ತದ" ಎಂದರೆ ಚಹಾದ ಜೊತೆ ಗಿರ್ಮಿಟ್ಟೂ ಬರುತ್ತದೆ. ಭಯ ಎಲ್ಲಿದೆ ಎಂದು ತಿಳಿದವನೇ ಏಜೆಂಟ್.

ಭಯಕ್ಕೆ ಈ ಭಾಗದಲ್ಲಿ ಬರವಿಲ್ಲ. ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿನಲ್ಲಿ ಬೆಲ್ಟಿನ ಪಕ್ಕದಲ್ಲೇ ಸೆರಗು, ಅರಳೆ ರಾಶಿಯ ಪಕ್ಕದಲ್ಲೇ ಬೀಡಿ. ರಾಮದುರ್ಗದ ಮಗ್ಗದ ಮನೆಯಲ್ಲಿ ಲಾಳಿ ಹಾರಿದರೆ ಕಣ್ಣಿಗೇ ಬರುತ್ತದೆ. ಮುನವಳ್ಳಿಯಲ್ಲೂ ಎಂ.ಕೆ. ಹುಬ್ಬಳ್ಳಿಯಲ್ಲೂ ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಯ್ಲರಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. 2018ರ ಡಿಸೆಂಬರಿನಲ್ಲಿ ಮುಧೋಳ ತಾಲ್ಲೂಕಿನ ಕುಳಲಿಯಲ್ಲಿ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಘಟಕ ಸ್ಫೋಟಿಸಿ ನಾಲ್ವರು ಸತ್ತರು. ಅಂಥ ಸುದ್ದಿ ಬಂದಾಗ ಸುತ್ತಲಿನ ಊರುಗಳಲ್ಲಿ ಸುರಕ್ಷತೆಗೆ ಹದಿನೈದು ದಿನ ಜೋರು ವ್ಯಾಪಾರ. ಹದಿನಾರನೆಯ ದಿನ ಎಲ್ಲರೂ ಮತ್ತೆ ಅಮರರು.

ಗಿರಾಕಿಯ ಮಿಲ್ಲಿಗೆ ಹೋದೊಡನೆ ಏಜೆಂಟ್ "ಸೇಫ್ಟಿ ಆಡಿಟ್" ಮಾಡಬೇಕು. ಇದಕ್ಕೆ ಓದು ಬೇಡ, ಮೊಬೈಲ್ ಕ್ಯಾಮೆರಾ ಸಾಕು. ಬಾಗಿಲಲ್ಲಿ ಕೆಂಪು ಬಕೀಟು ನೇತಾಡುತ್ತಿರುತ್ತದೆ. ಅದರೊಳಗಿನ ಉಸುಕಿನಲ್ಲಿ ಬೆಂಕಿ ಆರಿಸುವಷ್ಟು ಗುಟ್ಕಾ ರಸ ಮೊದಲೇ ಸಂಗ್ರಹವಾಗಿರುತ್ತದೆ. ಹೆಲ್ಮೆಟ್ಟುಗಳು ಪ್ಲಾಸ್ಟಿಕ್ ಚೀಲ ಬಿಚ್ಚದೆ ಕಪಾಟಿನ ಮೇಲೆ ಕುಳಿತಿರುತ್ತವೆ, ಸಾಹೇಬರು ಬಂದಾಗ ಇಳಿಯುತ್ತವೆ. ಬೆಲ್ಟಿಗೆ ಹಾಕಬೇಕಾದ ಕಬ್ಬಿಣದ ಜಾಳಿಗೆ ಮಾತ್ರ ಕಾಣುವುದಿಲ್ಲ. ಹಿತ್ತಲಿಗೆ ಹೋಗಿ ನೋಡಿ, ಬೇವಿನ ಗಿಡದ ಕೆಳಗೆ ಅದರೊಳಗೆ ಕೋಳಿಮರಿಗಳು ಕ್ಷೇಮವಾಗಿವೆ. ತಿರುಗುವ ಯಂತ್ರಕ್ಕೆ ಬೇಲಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಹೇಳಿತ್ತು. ಅದರ ಫಲ ಕೋಳಿಗಳಿಗೆ ಸಿಕ್ಕಿದೆ.

ಜಾಳಿಗೆ ಯಾಕೆ ತೆಗೆದಿರಿ ಎಂದು ಕೇಳಬೇಡಿ, ಗಿರಾಕಿ ಕೈಬಿಡುತ್ತಾನೆ. ಅದು ಇದ್ದರೆ ಕಸ ತೆಗೆಯಲು ತಾಸುಗಟ್ಟಲೆ ಮಷಿನ್ ನಿಲ್ಲಿಸಬೇಕು ಎಂಬುದು ಅವನಿಗೂ ಗೊತ್ತು, ನಿಮಗೂ ಗೊತ್ತು. ಆಳು ತಾನೇ ಬೇಕೆಂದು ರಕ್ಷಣಾ ಸಾಧನ ತೆಗೆದು ಗಾಯ ಮಾಡಿಕೊಂಡರೆ ಮಾಲೀಕ ಹೊಣೆಯಲ್ಲ ಎಂದು 1923ರ ಪರಿಹಾರ ಕಾಯ್ದೆಯಲ್ಲಿ ಒಂದು ಸಾಲಿತ್ತು. ಸಾವಕಾರರಿಗೆ ಇಡೀ ಕಾಯ್ದೆಯಲ್ಲಿ ಬಾಯಿಪಾಠವಾಗಿರುವುದು ಇದೊಂದೇ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ನೆಪ ನಡೆಯುವುದಿಲ್ಲ ಎಂಬ ಮಾತೂ ಅಲ್ಲೇ ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಅವರು ಪುಟ ಮಡಿಚಿರುತ್ತಾರೆ.

ಈಗ ಪಾಲಿಸಿ ಫಾರ್ಮಿನ ಮುಖ್ಯ ಅಂಕಣ.

"ಆಳು ಎಷ್ಟ್ ಮಂದಿ ಅದಾರ್ರೀ ಸಾವಕಾರ್ರ?"

"ಬರ್ಕೊ, ನಾಕ್ ಮಂದಿ."

"ಒಳಗ ಹದಿನಾಕ್ ಮಂದಿ ಕಾಣಾಕತ್ತಾರಲ್ರೀ?"

"ಅವರು ಬೀಗರು. ಮಷಿನ್ ನೋಡಾಕ ಬಂದಾರ."

ಒಂದೇ ಮಿಲ್ಲಿನ ತಲೆಗಳು ಕೇಳುವವರಿಗೆ ತಕ್ಕಂತೆ ಹುಟ್ಟುತ್ತವೆ, ಸಾಯುತ್ತವೆ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಇಪ್ಪತ್ತೈದು: ಉದ್ಯೋಗ ಸೃಷ್ಟಿ. ಇಲಾಖೆಯ ರಜಿಸ್ಟರಿನಲ್ಲಿ ಒಂಬತ್ತು, ಯಾಕೆಂದರೆ ಹತ್ತಕ್ಕೆ ಇಎಸ್‌ಐ ಬರುತ್ತದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಮೊದಲು ಹತ್ತು ಜನ ಸಾಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗೆ ಇಪ್ಪತ್ತು ಬೇಕು. ಸಾವಕಾರರು ಹತ್ತೊಂಬತ್ತಕ್ಕೆ ಬಡ್ತಿ ಪಡೆಯಬಹುದಿತ್ತು, ಇಎಸ್‌ಐ ಹತ್ತರಲ್ಲೇ ಹಟ ಹಿಡಿದು ಕುಳಿತಿದೆ. ಪಾಲಿಸಿಯಲ್ಲಿ ಮಾತ್ರ ನಾಲ್ಕು, ಯಾಕೆಂದರೆ ಪ್ರೀಮಿಯಂ ಬೀಳುವುದು ಪಗಾರದ ಮೊತ್ತದ ಮೇಲೆ. ಆ ನಾಲ್ವರೂ ಫಾರ್ಮಿನಲ್ಲಿ ತಿಂಗಳಿಗೆ ಆರು ಸಾವಿರಕ್ಕೆ ಸಂತೃಪ್ತರು.

ಲೆಕ್ಕ ತೆಗೆಯುವುದು ಬೆರಳು ಹೋದ ದಿನ. 1923ರ ಕಾಯ್ದೆ ದೇಹಕ್ಕೆ ದರಪಟ್ಟಿ ಅಂಟಿಸಿತ್ತು: ಹೆಬ್ಬೆರಳಿಗೆ 30 ಪರ್ಸೆಂಟ್, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳಿಗೆ 7. ಮೂವತ್ತು ವರ್ಷದ ಆಳಿನ ವಯಸ್ಸಿಗೆ ಗುಣಕ 207.98. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ ತಿಂಗಳಿಗೆ 15,000 ರೂಪಾಯಿ. ಅಷ್ಟು ಪಗಾರವಿದ್ದವನ ತೋರುಬೆರಳು ಹೋದರೆ ಸುಮಾರು 2 ಲಕ್ಷ 62 ಸಾವಿರ. ಫಾರ್ಮಿನ ಆರು ಸಾವಿರಕ್ಕೆ ಅದೇ ಬೆರಳು 1 ಲಕ್ಷ 5 ಸಾವಿರಕ್ಕೆ ಇಳಿಯುತ್ತದೆ. ಇನ್ನೊಂದು ಸೊಗಸು ನೋಡಿ: ಪೂರ್ಣ ಅಂಗವಿಕಲನಾಗಿ ಬದುಕಿದರೆ ಪಗಾರದ 60 ಪರ್ಸೆಂಟ್ ಲೆಕ್ಕದಲ್ಲಿ ಸುಮಾರು 18 ಲಕ್ಷ 72 ಸಾವಿರ, ಸತ್ತರೆ 50 ಪರ್ಸೆಂಟ್ ಲೆಕ್ಕದಲ್ಲಿ 15 ಲಕ್ಷ 60 ಸಾವಿರ. ಸಾಯುವುದರಲ್ಲೂ ಆಳು ಮಾಲೀಕನಿಗೆ ಉಳಿತಾಯ ಮಾಡಿಕೊಟ್ಟೇ ಹೋಗುತ್ತಾನೆ.

ಆದರೆ ಕೈ ಕೊಡುವುದು ಯಾವಾಗಲೂ ಐದನೆಯವನ ಬೆರಳೇ. ಕಂಪನಿ ಮಸ್ಟರ್ ಕೇಳುತ್ತದೆ, ಪಗಾರದ ಪುಸ್ತಕ ಕೇಳುತ್ತದೆ, "ಈ ಬೀಗರು ಯಾರು?" ಎಂದೂ ಕೇಳುತ್ತದೆ. "ಕಾಂಟ್ರಾಕ್ಟರನ ಆಳು" ಎಂದರೆ ಕಾನೂನು ಬಾಗಿಲಲ್ಲಿ ನಿಂತಿರುತ್ತದೆ: ಮೊದಲು ಮಾಲೀಕನೇ ಕೊಡಬೇಕು, ಆಮೇಲೆ ಕಾಂಟ್ರಾಕ್ಟರನಿಂದ ವಸೂಲಿ ಮಾಡಿಕೊಳ್ಳಲಿ. ಪಾಲಿಸಿಯಲ್ಲಿ ಹೆಸರು ಇರಲಿ ಬಿಡಲಿ, ಒಬ್ಬನೇ ಆಳಿದ್ದರೂ ಪರಿಹಾರದ ಹೊಣೆ ತಪ್ಪದು. ಒಂದು ತಿಂಗಳಲ್ಲಿ ಕೊಡದಿದ್ದರೆ 12 ಪರ್ಸೆಂಟ್ ಬಡ್ಡಿ, ಸಕಾರಣವಿಲ್ಲದೆ ತಡೆದರೆ ಅರ್ಧದವರೆಗೂ ದಂಡ. ದಂಡ ಕಟ್ಟುವುದು ವಿಮಾ ಕಂಪನಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಪ್ರೀಮಿಯಂನಲ್ಲಿ ಉಳಿಸಿದ ಸಾವಿರಗಳು ಆಗ ಲಕ್ಷಗಳಾಗಿ ಮನೆಗೆ ಬರುತ್ತವೆ, ಏಜೆಂಟನ ಮೊಬೈಲ್ ಮಾತ್ರ "ವ್ಯಾಪ್ತಿ ಪ್ರದೇಶದ ಹೊರಗೆ" ಹೋಗುತ್ತದೆ.

ಗಿರಾಕಿ ಇನ್ನೂ ಜಗ್ಗಾಡಿದರೆ ಕೊನೆಯ ಅಸ್ತ್ರ: "ನನ್ನ ಕಮಿಷನ್ ನಿಮಗ ಬಿಟ್ಟಕೊಡ್ತೇನ್ರೀ." 1938ರ ವಿಮಾ ಕಾಯ್ದೆಯ 41ನೇ ಕಲಂ ಇದಕ್ಕೆ 10 ಲಕ್ಷದವರೆಗೂ ದಂಡ ಇಟ್ಟಿದೆ, ಅದೂ ನೀವು ಸಹಿ ಹಾಕಿಸಿಕೊಳ್ಳುವ ಫಾರ್ಮಿನಲ್ಲೇ ಅಚ್ಚಾಗಿರುತ್ತದೆ. ಹೆದರಬೇಡಿ. ಅಷ್ಟು ಸಣ್ಣ ಅಕ್ಷರ ಓದಲು ಸಾವಕಾರರ ಕನ್ನಡಕ ಯಾವಾಗಲೂ ಮನೆಯಲ್ಲೇ ಉಳಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಏಜೆಂಟನನ್ನೇ ಬೈಯುವುದು ನ್ಯಾಯವಲ್ಲ. ಈ ನಾಲ್ಕು ತಾಲ್ಲೂಕುಗಳ ಸಣ್ಣ ಮಿಲ್ಲುಗಳಿಗೆ ಇನ್‌ಸ್ಪೆಕ್ಟರ್ ಬರುವುದು ಅಪರೂಪ, ಏಜೆಂಟ್ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾನೆ. ಒಳಗೆ ಹೋಗಿ ಆಳುಗಳ ತಲೆ ಎಣಿಸುವ ಹೊರಗಿನ ಮನುಷ್ಯ ಅವನೊಬ್ಬನೇ. ಅವನು ಹದಿನಾಲ್ಕು ಎಣಿಸುತ್ತಾನೆ, ನಾಲ್ಕು ಬರೆಯುತ್ತಾನೆ. ಹದಿನಾಲ್ಕು ಬರೆದರೆ ಪಕ್ಕದ ಏಜೆಂಟ್ ಮೂರು ಬರೆದುಕೊಂಡು ಗಿರಾಕಿಯನ್ನು ಹಾರಿಸಿಕೊಂಡು ಹೋಗುತ್ತಾನೆ.

ರೋಗ ಇರುವುದು ಬೇರೆ ಕಡೆ. ಪಾಲಿಸಿಗೆ ಕಮಿಷನ್ ಇದೆ, ನವೀಕರಣಕ್ಕೆ ಕಮಿಷನ್ ಇದೆ. ಊರಿನ ವೆಲ್ಡಿಂಗ್ ಅಂಗಡಿಯವನು ಅರ್ಧ ದಿನದಲ್ಲಿ ಕೂಡಿಸಿಕೊಡುವ ಜಾಳಿಗೆಗೆ ಮಾತ್ರ ಯಾರಿಗೂ ಒಂದು ಪೈಸೆ ಕಮಿಷನ್ ಇಲ್ಲ. ಆದ್ದರಿಂದ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಎಲ್ಲ ಏಜೆಂಟರೂ ಸೇರಿ ಒಂದು ಮನವಿ ಸಲ್ಲಿಸಬೇಕು: ಜಾಳಿಗೆಯ ಮೇಲೂ ಹದಿನೈದು ಪರ್ಸೆಂಟ್ ಕೊಡಿ. ಆದೇಶ ಹೊರಟ ವಾರದಲ್ಲೇ ಬೈಲಹೊಂಗಲದಿಂದ ರಾಮದುರ್ಗದವರೆಗೆ ಬರಿಮೈಯ ಬೆಲ್ಟ್ ಒಂದೂ ಉಳಿಯುವುದಿಲ್ಲ. ಕೋಳಿಮರಿಗಳ ಪುನರ್ವಸತಿಗೆ ಬೇರೆ ಯೋಜನೆ ಹಾಕೋಣ, ಅದಕ್ಕೂ ಒಂದು ಪಾಲಿಸಿ ಇದ್ದೇ ಇರುತ್ತದೆ.