ಬೆನ್ನಿಗೆ ಬಿದ್ದ ಜಾಕೆಟ್ಟು

ನನಗೆ ಸಕ್ಕರೆ ಕಾಯಿಲೆ, ಬುಲೆಟ್ಟಿನ ಹುಚ್ಚು ಎರಡೂ ಒಂದೇ ವರ್ಷ ಬಂದವು. ಮೊದಲನೆಯದಕ್ಕೆ ಡಾಕ್ಟರು ಮಾತ್ರೆ ಕೊಟ್ಟರು, ಎರಡನೆಯದಕ್ಕೆ ಬ್ಯಾಂಕಿನವರು ಸಾಲ ಕೊಟ್ಟರು. ಮಾತ್ರೆ ಈಗಲೂ ನುಂಗುತ್ತಿದ್ದೇನೆ, ಕಂತು ಈಗಲೂ ಕಟ್ಟುತ್ತಿದ್ದೇನೆ.

ನಮ್ಮ ಆಫೀಸಿನ ಹುಡುಗರು ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಂದಿಬೆಟ್ಟಕ್ಕೆ ಹೋಗುತ್ತಾರೆ. ಹೋಗಿ ಏನು ಮಾಡುತ್ತಾರೆ ಅಂತ ಕೇಳಬೇಡಿ. ಬುಡದಲ್ಲಿ ಗೇಟು ತೆರೆಯುವವರೆಗೆ ಕಾಯುತ್ತಾರೆ, ಮೇಲೆ ಹೋಗಿ ಒಬ್ಬರ ಮುಖ ಒಬ್ಬರಿಗೆ ಕಾಣದ ಮಂಜಿನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಇಳಿದು ಇಡ್ಲಿ ತಿಂದು ಹತ್ತು ಗಂಟೆಗೆ ಮನೆಗೆ ಬಂದು ಮಲಗುತ್ತಾರೆ. ನಾನೂ ಹೋದೆ. ಅವರೆಲ್ಲ ಕಪ್ಪು ಜಾಕೆಟ್ಟು, ಮಂಡಿಗೆ ಚಿಪ್ಪು, ಕೈಗೆ ಗ್ಲೌಸು ತೊಟ್ಟು ಯುದ್ಧಕ್ಕೆ ಹೊರಟವರ ಹಾಗೆ ನಿಂತಿದ್ದರು. ನಾನು ಅಮ್ಮ ಹೆಣೆದ ಸ್ವೆಟರು, ಹೆಲ್ಮೆಟ್ಟಿನೊಳಗೆ ಮಂಕಿ ಕ್ಯಾಪು. ಫೋಟೊ ನೋಡಿದ ಮಗ, ‘ಅಪ್ಪಾ, ಇವರ ಪಕ್ಕ ನಿಂತಿರೋ ಹಾಲಿನವರು ಯಾರು?’ ಅಂದ.

ಅವತ್ತೇ ತೀರ್ಮಾನಿಸಿದೆ, ಜಾಕೆಟ್ಟು ಬೇಕೇ ಬೇಕು. ಅಂಗಡಿಯಲ್ಲಿ ಹೊಸದಕ್ಕೆ 12,000 ಅಂದರು. ನನ್ನವಳು ತರಕಾರಿ ಹೆಚ್ಚುತ್ತಾ, ತಲೆಯನ್ನೂ ಎತ್ತದೆ ಹೇಳಿದಳು: ‘ನಮ್ಮ ಮದುವೇಲೂ ಅಷ್ಟು ದುಡ್ಡಿನ ಕೋಟು ಹಾಕಿರ್ಲಿಲ್ವಲ್ರೀ ನೀವು. ಅದನ್ನೂ ನಮ್ಮಪ್ಪನೇ ಹೊಲಿಸಿದ್ದು.’

ಹಾಗಾಗಿ ಸೆಕೆಂಡ್ ಹ್ಯಾಂಡು. ಮೊಬೈಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಹಳೇ ಜಾಕೆಟ್ಟುಗಳ ಜಾಹೀರಾತು ನೋಡುವುದೇ ಕೆಲಸವಾಯಿತು. ಅದರ ಭಾಷೆಯೇ ಬೇರೆ. ‘ಒಂದೇ ಸಲ ಹಾಕಿದ್ದು’ ಅಂತ ಬರೆದಿದ್ದರೆ ಆ ಒಂದು ಸಲ ಲಡಾಖಿಗೆ ಹೋಗಿ ಬಂದಿದ್ದಾನೆ ಅಂತ ಅರ್ಥ. ‘ಸೈಜ್ ಆಗ್ತಿಲ್ಲ’ ಅಂದರೆ ಮದುವೆಯಾಗಿದೆ. ‘ಅರ್ಜೆಂಟ್ ಸೇಲ್’ ಅಂದರೆ ಹೆಂಡತಿ ಕೈಗೆ ಬಿಲ್ಲು ಸಿಕ್ಕಿದೆ. ಕೊಳ್ಳುವವರು ಕೇಳುವುದು ಮಾತ್ರ ಒಂದೇ ಪ್ರಶ್ನೆ: ‘ಲಾಸ್ಟ್ ಎಷ್ಟು?’ ನಮಸ್ಕಾರ ಇಲ್ಲ, ಹೆಸರು ಇಲ್ಲ.

ನಮ್ಮ ತಾತ ದೊಡ್ಡಬಳ್ಳಾಪುರದ ಕಡೆಯವರು. ವರ್ಷಾ ವರ್ಷ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಎತ್ತು ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಎತ್ತಿನ ತುಟಿ ಎತ್ತಿ ಹಲ್ಲು ಎಣಿಸಿ ವಯಸ್ಸು ಹೇಳುವವರು. ಸುಳಿ ನೋಡುವವರು, ಎರಡು ಸುತ್ತು ನಡೆಸಿ ಕಾಲು ನೋಡುವವರು. ಬೆಲೆ ಬಾಯಲ್ಲಿ ಆಡುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಅದುಮುತ್ತಿದ್ದರು. ಆ ರಕ್ತವೇ ನನ್ನ ಮೈಯಲ್ಲೂ ಹರಿಯುತ್ತಿದೆ ಅಂತ ನನಗೊಂದು ಜಂಬ. ಜಾಕೆಟ್ಟಿಗೆ ಹಲ್ಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಹೆಲ್ಮೆಟ್ಟಿಗೆ ಇದೆ, ಅಷ್ಟು ಹೇಳಿಬಿಡುತ್ತೇನೆ. ಒಬ್ಬ ‘ಒಂದ್ ಸಲಾನೂ ಬಿದ್ದಿಲ್ಲ ಸಾರ್, ಶೋಕೇಸಲ್ಲೇ ಇತ್ತು’ ಅಂತ ಫುಲ್ ಫೇಸ್ ಹೆಲ್ಮೆಟ್ಟು ತೋರಿಸಿದ. ತಾತನನ್ನು ನೆನೆದು ಒಳಗಿನ ಬಟ್ಟೆ ಎತ್ತಿ ನೋಡಿದೆ. ಚೀಟಿಯಲ್ಲಿ ತಯಾರಾದ ವರ್ಷ 2014. ಅಂದರೆ ಬಾಯಿಗೂಡಿದ ಎತ್ತು. ಥರ್ಮಾಕೋಲಿನಂಥ ಒಳಪದರದಲ್ಲಿ ಬೆರಳಗಲ ಬಿರುಕು ಬೇರೆ. ಹೊರಗೆ ಥಳಥಳ ಅಂತ ಹೊಳೆಯುವ ಬಣ್ಣ. ಒಂದು ಸಲ ಏಟು ತಿಂದರೆ ಆ ಒಳಪದರ ಅಲ್ಲೇ ಜಜ್ಜಿಹೋಗುತ್ತದೆ, ಇನ್ನೊಂದು ಏಟಿಗೆ ತಲೆ ಕಾಯುವುದಿಲ್ಲ. ಹೆಲ್ಮೆಟ್ಟು ಮಾತ್ರ ಹೊಸದೇ ಅಂತ ಮನೆಯಲ್ಲಿ ಅಪ್ಪಣೆಯಾಯಿತು. ಜೆ.ಸಿ. ರಸ್ತೆಗೆ ಹೋಗಿ ಐಎಸ್‌ಐ ಗುರುತಿನದು ತಂದೆ. ಈ ಇಡೀ ಕಥೆಯಲ್ಲಿ ನಾನು ಗೆದ್ದಿದ್ದು ಅಲ್ಲೊಂದೇ ಕಡೆ.

ಜಾಕೆಟ್ಟಿನವನು ಯಶವಂತಪುರ ಮೆಟ್ರೊ ಸ್ಟೇಷನ್ನಿನ ಕೆಳಗೆ ಸಿಕ್ಕಿದ. ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದೂವರೆ. ಜಾಹೀರಾತಿನಲ್ಲಿ ‘ಭುಜ, ಮೊಣಕೈ, ಬೆನ್ನು, ಫುಲ್ ಆರ್ಮರ್, ಸಿಇ ಲೆವೆಲ್ 2’ ಅಂತ ಬರೆದಿದ್ದ. ಕೇಳಲೇಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಪ್ರತಿ ಪ್ಯಾಡನ್ನೂ ಜೇಬಿಂದ ಹೊರಗೆ ತೆಗೆದು ನೋಡಬೇಕು, ಜಿಪ್ಪು ಹತ್ತು ಸಲ ಎಳೆಯಬೇಕು, ಹೊಲಿಗೆ ನೋಡಬೇಕು. ಹುಡುಗ ಜಾಕೆಟ್ಟು ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ‘ಬ್ರೋ, ನಿಮಗೇ ಹೇಳಿ ಮಾಡಿಸಿದ ಹಾಗಿದೆ’ ಅಂದ.

ಬ್ರೋ! ಆ ಸ್ಟೇಷನ್ನಿನ ಕೆಳಗೆ ನನ್ನನ್ನು ಆಟೋದವರು ಯಜಮಾನ್ರೇ ಅನ್ನುತ್ತಾರೆ, ಹೂವಿನವಳು ತಾತ ಅನ್ನುತ್ತಾಳೆ. ಪಟ್ಟಿ ಜೇಬಿನಲ್ಲೇ ಉಳಿಯಿತು. 5,000 ಹೇಳಿದವನಿಗೆ ಟವೆಲ್ಲೂ ಇಲ್ಲ, ಬೆರಳೂ ಇಲ್ಲ, ‘ಲಾಸ್ಟ್ ಎಷ್ಟು?’ ಅಂದೆ. 4,500 ಕೊಟ್ಟು ಬಂದೆ.

ಮನೆ ಬಾಗಿಲಲ್ಲೇ ಅಮ್ಮ ತಡೆದರು. ‘ಯಾರ ಮೈಬೆವರೋ ಏನೋ, ಒಳಗೆ ತರಬೇಡ.’ ಜಾಕೆಟ್ಟನ್ನು ಎರಡು ದಿನ ತಾರಸಿಯಲ್ಲಿ ಬಿಸಿಲಿಗೆ ಹಾಕಿ, ಒಂದು ಸಂಜೆ ಸಾಂಬ್ರಾಣಿ ಹೊಗೆ ಕೊಟ್ಟು ಒಳಗೆ ಸೇರಿಸಿಕೊಂಡರು. ನನ್ನ ತಂಗಿ ಬಾಣಂತನಕ್ಕೆ ಬಂದಾಗಲೂ ಇಷ್ಟು ಹೊಗೆ ಹಾಕಿರಲಿಲ್ಲ.

ಮೂರನೇ ದಿನ ಮಗ ಬೆನ್ನಿನ ಜೇಬಿನ ಜಿಪ್ಪು ಎಳೆದು ಒಳಗೆ ಕೈ ಹಾಕಿದ. ಆರ್ಮರ್ ಅಂದರೆ ಗೊತ್ತಲ್ಲ, ಮುಟ್ಟಿದರೆ ಮೆತ್ತಗಿದ್ದು, ಏಟು ಬಿದ್ದಾಗ ಗಟ್ಟಿಯಾಗಿ ಮೂಳೆ ಕಾಯುವ ದಪ್ಪ ಪ್ಯಾಡು. ಆಚೆ ಬಂದಿದ್ದು ಕತ್ತರಿಯಲ್ಲಿ ಓರೆಕೋರೆ ಕತ್ತರಿಸಿದ ನೀಲಿ ಸ್ಪಂಜಿನ ಹಾಳೆ. ‘ಅಪ್ಪಾ, ಇದು ಅಮ್ಮನ ಯೋಗ ಮ್ಯಾಟ್ ಥರಾನೇ ಇದೆ!’ ಅದು ಯೋಗ ಮ್ಯಾಟೇ. ಮೂಲೆಯಲ್ಲಿ ಒಂದು ಹೆಂಗಸು ವೃಕ್ಷಾಸನದಲ್ಲಿ ನಿಂತಿದ್ದಳು, ಮೊಣಕಾಲಿನವರೆಗೆ.

ಮೆಸೇಜು ಹಾಕಿದೆ. ‘ನೀವು ಜಾಕೆಟ್ ಕೇಳಿದ್ರಿ, ಜಾಕೆಟ್ ಕೊಟ್ಟೆ’ ಅಂತ ಬಂತು. ಜಾಹೀರಾತಲ್ಲಿ ಫುಲ್ ಆರ್ಮರ್ ಅಂತ ಬರೆದಿದ್ದಿರಲ್ಲ ಅಂದೆ. ‘ಹಾಕಿ ನೋಡಿದ್ರಿ, ಓಕೆ ಅಂದ್ರಿ. ಈಗ ಕಂಪ್ಲೇಂಟ್ ಮಾಡಿದ್ರೆ ಹೇಗೆ ಅಂಕಲ್?’ ದುಡ್ಡು ಕೈಗೆ ಬಿದ್ದ ಮೇಲೆ ಬ್ರೋ ಹೋಗಿ ಅಂಕಲ್ ಆಗಿದ್ದೆ. ಆ ಒಂದು ಪದಕ್ಕೇ ಕೇಸು ಹಾಕಬೇಕು ಅನ್ನಿಸಿತು. ಉದ್ದದ ಉತ್ತರ ಟೈಪು ಮಾಡಿ ಕಳಿಸುವಷ್ಟರಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದ. ಜಾಹೀರಾತೂ ಮಾಯ.

ಪಕ್ಕದ ಮನೆಯ ವಕೀಲರಲ್ಲಿಗೆ ಹೋದೆ. ಬನಿಯನ್ನಿನಲ್ಲಿ ಪೇಪರು ಓದುತ್ತಿದ್ದವರು ಹಾಗೇ ಹೇಳಿದರು: ‘ನೋಡಿ ಸ್ವಾಮಿ, ಗ್ರಾಹಕರ ಕಾಯ್ದೆ ವ್ಯಾಪಾರಿ ಮೇಲೆ ನಡೆಯುತ್ತೆ. ಮನೇಲಿದ್ದ ಹಳೇ ಕೋಟು ಒಂದ್ಸಲ ಮಾರಿದವನನ್ನ ವ್ಯಾಪಾರಿ ಅಂತ ನಿಲ್ಲಿಸೋದು ಕಷ್ಟ. ಉಳಿದಿದ್ದು ಸರಕು ಮಾರಾಟ ಕಾಯ್ದೆ, 1930. ಹದಿನಾರನೇ ಕಲಂ ಪ್ರಕಾರ ನೋಡಿ ಕೊಳ್ಳೋದು ಕೊಳ್ಳೋನ ತಲೆನೋವು.’ ನನ್ನ ಮುಖ ನೋಡಿ ಕರುಣೆ ಬಂದಿರಬೇಕು. ‘ಹದಿನೈದರಲ್ಲಿ ದಾರಿ ಇದೆ. ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ಕೇಳಬಹುದು. ಜಾಹೀರಾತು ಫೋಟೊ ತೆಗೆದಿಟ್ಟಿದೀರಾ?’ ಇಟ್ಟಿರಲಿಲ್ಲ. ಜಾಕೆಟ್ಟು ತೊಟ್ಟ ನನ್ನ ಫೋಟೊ ಹನ್ನೊಂದು ಇದ್ದವು.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ಗ್ಲೌಸು ತರಿಸಿದೆ. ಹುಬ್ಬಳ್ಳಿಯ ಹುಡುಗನೊಬ್ಬ 600 ರೂಪಾಯಿಗೆ ಕೊರಿಯರ್ ಮಾಡಿದ. ಡಬ್ಬ ಬಿಚ್ಚಿ ಎಡಗೈಗೆ ಹಾಕಿಕೊಂಡೆ, ಚೆನ್ನಾಗಿ ಕೂತಿತು. ಇನ್ನೊಂದನ್ನು ಬಲಗೈಗೆ ಹಾಕಹೋದರೆ ಹೆಬ್ಬೆರಳು ಕಿರುಬೆರಳಿನ ಕಡೆ! ಎರಡೂ ಎಡಗೈ. ಫೋನು ಮಾಡಿದರೆ ಅವನು ಶಾಂತವಾಗಿ, ‘ಫೋಟೋದಾಗ ಒಂದರ ಮ್ಯಾಲ ಒಂದ ಇಟ್ಟಿದ್ದೆನಲ್ರೀ ಸರ, ನೋಡೇ ತಗೊಂಡೀರಿ. ಈಗ ಬಲಗೈದು ಬೇಕಂದ್ರ ಎಲ್ಲಿಂದ ತರ್ಲಿ?’ ಅಂದ. ಎಷ್ಟು ಮರ್ಯಾದೆಯಿಂದ ಹೇಳಿದನೆಂದರೆ ಕೊನೆಗೆ ನಾನೇ ‘ತೊಂದರೆ ಕೊಟ್ಟೆ, ಕ್ಷಮಿಸಿ’ ಅಂದು ಫೋನಿಟ್ಟೆ.

ಜಾಕೆಟ್ಟು ಹಾಕಿಕೊಂಡು ನಂದಿಗೆ ಹೋಗಿದ್ದು ಒಂದೇ ಸಲ. ನಿಜವಾಗಿಯೂ ಒಂದೇ ಸಲ, ಜಾಹೀರಾತಿನ ಒಂದಲ್ಲ. ವಾಪಸು ಬಂದಾಗ ಜಿಪ್ಪು ಎದೆಯ ಹತ್ತಿರ ಕಚ್ಚಿಕೊಂಡು ಮೇಲೂ ಹೋಗದು, ಕೆಳಗೂ ಬಾರದು. ಬೆವರಿನಲ್ಲಿ ಸ್ನಾನ. ಅಮ್ಮ ಮೇಣದಬತ್ತಿ ಉಜ್ಜಿದರು, ಮಗ ತೋಳು ಹಿಡಿದ, ನನ್ನವಳು ಕಾಲರು ಹಿಡಿದಳು, ಹಲಸಿನ ಹಣ್ಣಿನಿಂದ ತೊಳೆ ಕಿತ್ತ ಹಾಗೆ ನನ್ನನ್ನು ಎಳೆದು ಹಾಕಿದರು. ಮಾರಿಬಿಡೋಣ ಅನ್ನಿಸಿತು.

ಜಾಹೀರಾತು ಬರೆಯಲು ಕೂತೆ. ಕೈ ತಾನಾಗಿ ಬರೆಯಿತು: ‘ಒಂದೇ ಸಲ ಹಾಕಿದ್ದು. ಸೈಜ್ ಆಗ್ತಿಲ್ಲ. ಫುಲ್ ಆರ್ಮರ್.’

ಮೊದಲು ಫೋನು ಮಾಡಿದವನು ತಾನು ಸೈನ್ಯದಲ್ಲಿರುವುದಾಗಿ ಹೇಳಿದ. ಜಾಕೆಟ್ಟು ನೋಡುವುದೇ ಬೇಡವಂತೆ, ಚೌಕಾಸಿಯೂ ಇಲ್ಲವಂತೆ. ಕ್ಯೂಆರ್ ಕೋಡ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ ಅಂದ. ದೇಶ ಕಾಯುವವನಿಗೆ ಯೋಗ ಮ್ಯಾಟು ಕೊಡುವುದೇ ಅಂತ ನನಗೆ ಒಳಗೊಳಗೇ ಪಾಪಪ್ರಜ್ಞೆ. ಪಿನ್ನಿನ ಮೂರು ಅಂಕಿ ಒತ್ತಿದ್ದೆ. ನನ್ನವಳು ಹಿಂದಿನಿಂದ, ‘ದುಡ್ಡು ಕೊಡೋಕೆ ತಾನೇ ಪಿನ್ನು, ಬರೋದಕ್ಕೆ ಯಾಕ್ರೀ?’ ಅಂದು ಫೋನು ಕಿತ್ತುಕೊಂಡಳು. ಸೈಬರ್ ವಂಚನೆಗೆ ಕರೆ ಮಾಡುವ ನಂಬರೂ 1930 ಅಂತ ಮಗ ಹೇಳಿದ. ವಕೀಲರ ಕಾಯ್ದೆಯದೂ ಅದೇ ಇಸವಿ. ಮೋಸಹೋಗುವವರು ನೆನಪಿಟ್ಟುಕೊಳ್ಳಲು ಸುಲಭವಾಗಲಿ ಅಂತಲೇ ಇಟ್ಟಿರಬೇಕು.

ಎರಡನೆಯವನು ಹಾಸನದ ಕಡೆಯ ಹುಡುಗ, ಇಂಜಿನಿಯರಿಂಗ್ ಓದುತ್ತಾ ಪೀಜಿಯಲ್ಲಿದ್ದ. ಶನಿವಾರ ಬರುತ್ತೇನೆ ಅಂದ. ಶುಕ್ರವಾರ ರಾತ್ರಿ ನೆನಪಾಯಿತು, ಬೆನ್ನಿನ ಜೇಬು ಖಾಲಿ. ಆ ನೀಲಿ ತುಂಡನ್ನು ಅಮ್ಮ ಆಗಲೇ ಕುಕ್ಕರಿನ ಕೆಳಗೆ ಇಟ್ಟುಕೊಂಡಿದ್ದರು, ಅದಕ್ಕೆ ಬೇಳೆ ಕಟ್ಟು ಹತ್ತಿತ್ತು. ಮುಂದೇನು ಮಾಡಿದೆ ಅಂತ ಬರೆಯಲು ನಾಚಿಕೆ. ಮಂಚದ ಕೆಳಗೆ ನನ್ನವಳ ನೇರಳೆ ಬಣ್ಣದ ಯೋಗ ಮ್ಯಾಟು ಸುರುಳಿ ಸುತ್ತಿ ಬಿದ್ದಿತ್ತು. ಅವಳು ಅದನ್ನು ಬಿಚ್ಚಿ ಆರು ತಿಂಗಳಾಗಿತ್ತು. ಒಳಗಿನ ತುದಿಯಲ್ಲಿ ಒಂದೂವರೆ ಅಡಿ ಕತ್ತರಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಶನಿವಾರ ಅವಳು ದೇವಸ್ಥಾನಕ್ಕೆ ಹೋದ ಹೊತ್ತಿಗೆ ಗೇಟಿನಲ್ಲೇ ವ್ಯಾಪಾರ ಮುಗಿಸಿದೆ. ಹುಡುಗ ತೊಟ್ಟು ನಿಂತ. ನನ್ನ ಬಾಯಿಂದ ಬಂದ ಮಾತು ಕೇಳಿ ನಾನೇ ಬೆಚ್ಚಿದೆ: ‘ನಿನಗೇ ಹೇಳಿ ಮಾಡಿಸಿದ ಹಾಗಿದೆ ಬ್ರೋ.’ 4,000 ಬಂತು.

ಭಾನುವಾರ ಬೆಳಿಗ್ಗೆ ನಾನು ಬಚ್ಚಲಲ್ಲಿದ್ದಾಗ ಕರೆಗಂಟೆ. ಆಚೆ ಬರುವಷ್ಟರಲ್ಲಿ ಹುಡುಗ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದ, ಅಮ್ಮ ಚಕ್ಕುಲಿ ಡಬ್ಬ ಮುಂದಿಟ್ಟು ಯಾವ ಊರು, ಯಾರ ಮಗ ಅಂತ ವಿಚಾರಿಸುತ್ತಿದ್ದರು. ಟೀಪಾಯಿ ಮೇಲೆ ನೇರಳೆ ಸಾಕ್ಷ್ಯ. ‘ಆಂಟಿ, ಅಂಕಲ್ ಫುಲ್ ಆರ್ಮರ್ ಅಂದಿದ್ರು, ಒಳಗೆ ಇದಿತ್ತು’ ಅಂತ ಅವನು ಹೇಳಿ ಮುಗಿಸಿದ್ದ.

ನನ್ನವಳು ಮಾತಾಡಲಿಲ್ಲ. ಕೋಣೆಗೆ ಹೋಗಿ ಮ್ಯಾಟು ತಂದು ಹಾಲಿನ ನಡುವೆ ಉರುಳಿಸಿದಳು. ಅದು ಬಿಚ್ಚಿಕೊಂಡು ಬಂದು ನನ್ನ ಪಾದದ ಹತ್ತಿರ ನಿಂತಿತು. ತುಂಡನ್ನು ತಂದು ತುದಿಗೆ ಜೋಡಿಸಿದಳು. ಸರಿಯಾಗಿ ಕೂತಿತು. ನನ್ನ ಕತ್ತರಿ ಎಡಕ್ಕೆ ಜಾರಿದ್ದ ಕಡೆಯೂ ಸರಿಯಾಗಿ ಕೂತಿತು.

‘ಹಾಕಿ ನೋಡಿದ, ಓಕೆ ಅಂದ...’ ಅಂತ ಶುರುಮಾಡಿದೆ. ಹದಿನಾರನೇ ಕಲಂ ಹೇಳಬೇಕು ಅಂತಿದ್ದೆ. ಅಮ್ಮ, ‘ಬೇರೆ ಊರಿಂದ ಬಂದಿರೋ ಮಗುಗೆ ಮೋಸ ಮಾಡ್ತೀಯೇನೋ?’ ಅಂದರು. ಮಗ ಮೊಬೈಲಿನಲ್ಲಿ ಎಲ್ಲವನ್ನೂ ವೀಡಿಯೊ ಮಾಡುತ್ತಿದ್ದ.

ತೀರ್ಪು ಅಲ್ಲೇ ಆಯಿತು. ಜಾಕೆಟ್ಟು ಹುಡುಗನಿಗೆ 1,500 ರೂಪಾಯಿಗೆ, ಉಳಿದ 2,500 ಆಗಲೇ ವಾಪಸು. ಹೆಂಡತಿಗೆ ಹೊಸ ಯೋಗ ಮ್ಯಾಟು, ಈ ಸಲ ದಪ್ಪನೆಯದು, 1,200. ಲೆಕ್ಕ ಹಾಕಿದರೆ 4,500ರ ಜಾಕೆಟ್ಟಿನಲ್ಲಿ ನನ್ನ ಕೈಗೆ ದಕ್ಕಿದ್ದು 300, ಅದರಲ್ಲಿ ಹುಡುಗನ ಆಟೋಗೆ 80. ಹೋಗುವಾಗ ಅವನು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಚಕ್ಕುಲಿ ಪೊಟ್ಟಣ ಹಿಡಿದು ಹೋದ. ಹೊಸ ಮ್ಯಾಟು ಮಂಚದ ಕೆಳಗಿದೆ. ಇನ್ನೂ ಬಿಚ್ಚಿಲ್ಲ.

ಗ್ಲೌಸು ಮಾತ್ರ ನನ್ನ ಹತ್ತಿರವೇ ಇವೆ. ಎರಡು ಎಡಗೈ ನನಗೆ ಬಂದಿವೆ ಅಂದ ಮೇಲೆ ಎರಡು ಬಲಗೈ ಇನ್ಯಾರಿಗೋ ಹೋಗಿರಲೇಬೇಕಲ್ಲ? ಅದು ನೀವೇ ಆಗಿದ್ದರೆ ದಯವಿಟ್ಟು ತಿಳಿಸಿ. ಒಂದು ಕೊಟ್ಟು ಒಂದು ತೆಗೆದುಕೊಳ್ಳೋಣ. ಕೊರಿಯರ್ ಖರ್ಚು ನಿಮ್ಮದು.